ಮಾರು

ಹಡಗಿನ ಹೆಸರನ್ನು ಹುಳ ತಿಂದಿದೆ.
ಕಡೆಯ ಎರಡಕ್ಷರ ಮಾತ್ರ ಉಳಿದು
ಇಡೀ ಮೂರು ಕಂಬ, ನೂರಾ ಹತ್ತು ಜನ
ಆ ಎರಡಕ್ಷರದ ಮೇಲೆ ತೇಲುತ್ತಿದ್ದಾರೆ
ಕಾಲಾಘೋಡಾದ ದಫ್ತರಖಾನೆಯಲ್ಲಿ, ನನ್ನ ಮೇಜಿನ ಮೇಲೆ,
ಹಾಳೆ ಹಾರೀತೆಂದು ಫ್ಯಾನು ಹಾಕುವಂತಿಲ್ಲದ
ಮೇ ತಿಂಗಳ ಮಧ್ಯಾಹ್ನ.

ನನ್ನ ಕೆಲಸ ಗೋಧಿಹಿಟ್ಟಿನ ಅಂಟು, ತೆಳ್ಳನೆ ಜಪಾನಿ ಕಾಗದ,
ಒಂದು ಕುಂಚ. ತೂತಿಗೆ ತೇಪೆ.
ಓದುವುದು ಕೆಲಸವಲ್ಲ. ಆದರೂ ಕಣ್ಣು, ಏನು ಮಾಡಲಿ,
ಹಾರವಾಡದ ಖಾರ್ವಿಯವಳ ಕಣ್ಣು,
ಬಲೆಯಲ್ಲಿ ಬೇಡದ ಮೀನನ್ನೂ ಎಣಿಸುತ್ತದೆ.

ನಾವಿಕರ ಪಟ್ಟಿ. ಸಾಲು ಅರವತ್ತೇಳು:
ಜ್ಯಾಕ್ ಟ್ಯೂಸ್ಡೇ. ನ್ಯೂ ಹಾಲೆಂಡಿನ ನೇಟಿವ್. ಪಗಾರ ಅರ್ಧ.
ಸಹಿಯ ಜಾಗದಲ್ಲಿ ಎಲ್ಲರಂತೆ ಅಡ್ಡಗೀಟಿನ ಗುರುತಲ್ಲ,
ಒಂದರೊಳಗೊಂದು ಮೂರು ಬಾಗುಗೆರೆ.
ಅಲೆಯೋ, ಪಕ್ಕೆಲುಬೋ, ಅವನೂರಿನ ದಂಡೆಯೋ,
ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬಿಡುವುದು ಚೆನ್ನ.

ಮಂಗಳವಾರ ಹತ್ತಿದನಂತೆ, ಹೆಸರೂ ಮಂಗಳವಾರ.
ನಮ್ಮ ಕಡೆ ಹಾಲಕ್ಕಿಗಳೂ ಹುಟ್ಟಿದ ವಾರ ಹಿಡಿದು
ಸುಕ್ರು, ಬುದ್ದು, ಸೋಮಿ ಎನ್ನುತ್ತಾರೆ.
ಆದರೆ ಅಲ್ಲಿ ಹೆತ್ತವಳು ಕರೆದಿರುತ್ತಾಳೆ,
ಮಗು ತಿರುಗಿ ನೋಡಿರುತ್ತದೆ.

ಇನ್ನೊಂದು ಹಾಳೆ, ದಿನಚರಿ:
“ಬೊಂಬಾಯಿಯ ಹೊರಗೆ. ಕತ್ತಲು, ಹನಿ ಮಳೆ.
ನೇಟಿವನನ್ನು ಗುಂಡು ಬಿಡಲು ನಿಲ್ಲಿಸಿದೆವು.
ಒಬ್ಬ ಮೀನುಗಾರ ಹತ್ತಿದ. ಎರಡು ರೂಪಾಯಿ.
ಬಂಡೆ ತಪ್ಪಿತು, ಕಪ್ತಾನರ ಎಚ್ಚರದಿಂದ.”
ಇಷ್ಟೇ. ಮುಂದಿನದು ನನ್ನ ಅಂಟು.

ಸೀಸದ ಗುಂಡಿನ ಬುಡಕ್ಕೆ ದನದ ಕೊಬ್ಬು ಮೆತ್ತಿ
ಹಗ್ಗ ಬಿಡುತ್ತಾನೆ ಟ್ಯೂಸ್ಡೇ.
ಎಳೆದು, ಅಂಟಿ ಬಂದ ತಳದ ಮಣ್ಣನ್ನು
ಬೆರಳಲ್ಲಿ ಉಜ್ಜಿ, ಮೂಸಿ, ನಾಲಗೆಗಿಡುತ್ತಾನೆ.
ಇದು ಅವನ ಕಡಲಲ್ಲ.
ಆದರೆ ಒಡೆದ ಚಿಪ್ಪು ಎಲ್ಲೂ ಒಡೆದ ಚಿಪ್ಪೇ,
ಹತ್ತಿರ ಎಲ್ಲೋ ಕಲ್ಲಿದೆ.
ಹೇಳುತ್ತಾನೆ. ಯಾರೂ ಕೇಳುವುದಿಲ್ಲ.
ಮತ್ತೆ ಹೇಳುತ್ತಾನೆ.

ಆಗ ಹೋಡಿಯಿಂದ ಹಗ್ಗ ಹಿಡಿದು ಹತ್ತಿದ್ದು ವರಳಿಯ ಕೋಲಿ,
ಸೊಂಟದಲ್ಲಿ ಒದ್ದೆ ರುಮಾಲು.
ಇಬ್ಬರ ನಡುವೆ ಒಂದು ಪದವೂ ಇಲ್ಲ.
ಟ್ಯೂಸ್ಡೇ ಎರಡೂ ತೋಳು ಚಾಚುತ್ತಾನೆ, ಐದು ಸಲ.
ಕೋಲಿ ತಲೆಯಾಡಿಸಿ, ಎಡಕ್ಕೆ ಗದ್ದ ತೋರಿ,
ತಾನೂ ಚಾಚುತ್ತಾನೆ, ಮೂರೇ ಸಲ.
ಅಪ್ಪಿಕೊಳ್ಳಲು ನಿಂತವರ ಹಾಗೆ,
ಅಪ್ಪಿಕೊಳ್ಳದೆ,
ಇಬ್ಬರು ಗಂಡಸರು ಕತ್ತಲಲ್ಲಿ ಕಡಲು ಅಳೆಯುತ್ತಿದ್ದಾರೆ.

ಮಾರು ಎನ್ನುತ್ತೇವೆ ನಾವು ಅದಕ್ಕೆ,
ಒಬ್ಬ ಮನುಷ್ಯ ತೋಳು ಚಾಚಿದಷ್ಟು.
ಮಾರು ಎಂದರೆ ಬೆಲೆಗೆ ಕೊಡು ಎಂದೂ ಹೌದು.
ಲಾಟೀನು ಹಿಡಿದ ಅಧಿಕಾರಿ ಮೊದಲನೆಯದನ್ನು ಬರೆದುಕೊಂಡ.
ಲಂಡನ್ನಿನಲ್ಲಿ ನಕ್ಷೆ ಅಚ್ಚಾಯಿತು, ಬೆಲೆ ಏಳು ಶಿಲಿಂಗು,
ಬಂಡೆಗೆ ಅವನದೇ ಹೆಸರು.

ಚಹಾವನ್ನು ಕಿಟಕಿಕಟ್ಟೆಯ ಮೇಲಿಟ್ಟು
(ಮೇಜಿನ ಮೇಲೆ ನಿಷೇಧ)
ಪ್ಯೂನು ಹರೇಶ್ವರ ತಾಂಡೇಲ ನಕ್ಷೆಗೆ ಬಗ್ಗಿ ನಕ್ಕ.
“ಅರೇ, ಇವಳು ನಮ್ಮ ಮ್ಹಾತಾರಿ! ಮುದುಕಿ ಕಲ್ಲು.
ಭರತಿಗೆ ಮುಳುಗಿ ಇಳಿತಕ್ಕೆ ಬೆನ್ನು ತೋರಿಸ್ತಾಳೆ.
ತೋರಿಸ್ತಿದ್ದಳು. ಈಗ ಮೇಲೆ ಕೋಸ್ಟಲ್ ರೋಡು.”

ತಾಂಡೇಲ ಎಂದರೆ ದೋಣಿಯ ಯಜಮಾನ.
ನನ್ನಪ್ಪನನ್ನೂ ಊರಲ್ಲಿ ಹಾಗೇ ಕರೆಯುತ್ತಿದ್ದರು.
ಇವನು ನಡೆಸುವುದು ಕಬ್ಬಿಣದ ತಳ್ಳುಗಾಡಿ,
ಕಪಾಟಿನಿಂದ ಮೇಜಿಗೆ, ಮೇಜಿನಿಂದ ಕಪಾಟಿಗೆ.
ಒಂದು ಚಕ್ರ ಸದಾ ಅಳುತ್ತದೆ.

ಸಾಲು ಅರವತ್ತೇಳರ ಕೊನೆಗೆ:
ಬೊಂಬಾಯಿಯಲ್ಲಿ ಇಳಿದ,
ಆಮೇಲೆ ತೂತು.
ಅದೇ ಹುಳ, ಕೆಳಗೆ ಕಪ್ತಾನನ ಸಹಿಯನ್ನೂ ಕೊರೆದಿದೆ,
ಅದಕ್ಕೇನು ಭೇದ.

ನಿಯಮ ಹೀಗೆ: ತೂತು ಮುಚ್ಚಬಹುದು, ಅಕ್ಷರ ತುಂಬಕೂಡದು.
ಖಾಲಿ ಕಾಗದ ಅಂಟಿಸಿ, ಒತ್ತಿ, ಒಣಗಲು ಬಿಟ್ಟೆ.
ಬೆಳಕಿಗೆ ಹಿಡಿದರೆ ಅಷ್ಟು ಜಾಗ ಮಾತ್ರ ಬೆಳ್ಳಗೆ.

ಬೆರಳಿಗೆ ಹತ್ತಿದ ಅಂಟನ್ನು
ಯಾರೂ ಇಲ್ಲದಾಗ ನಾಲಗೆಗಿಟ್ಟುಕೊಂಡೆ.
ಉಪ್ಪಿಲ್ಲ. ಬರೀ ಹಿಟ್ಟು.

ಚಕ್ರ ಅಳುತ್ತ ಬಂತು.
“ಇನ್ನೂ ನಲವತ್ತು ಕಟ್ಟಿವೆ, ಬಾಯಿ,” ಎಂದ ತಾಂಡೇಲ,
“ಯಾವುದರಿಂದ ಶುರು?”