ಕಣ

ಒಂದೂ ಮೊಳೆಯಿಲ್ಲ ಈ ಅಖಾಡದಲ್ಲಿ,
ಎನ್ನುತ್ತಾಳೆ ದೋನ್ಯಾ ರೆಫುಹಿಯೊ.
(ನನಗೆ ಎರಡು ಕಂಡವು. ಬಾಯಿ ಬಿಡಲಿಲ್ಲ.)
ಎಲ್ಲ ಕಟ್ಟಿದ್ದೇ. ಗಳಕ್ಕೆ ಗಳ, ಗಳಕ್ಕೆ ಹಲಗೆ,
ನೆತ್ತಿಗೆ ಚಾಪೆ, ಚಾಪೆಗೆ ಕತ್ತಾಳೆ ಹುರಿ.
ಜನವರಿಯಲ್ಲಿ ಕಟ್ಟಿ ಮಾರ್ಚಿಗೆ ಬಿಚ್ಚುವ ಬುಟ್ಟಿ,
ದೂರದಲ್ಲಿ ಹೊಗೆಯಾಡುವ ಕೊಲೀಮಾದ ಬೆಂಕಿಬೆಟ್ಟ.

ಅವಳದು ನಲವತ್ತೊಂದನೆಯ ತುಂಡು.
ಅಜ್ಜಿಯ ಉಯಿಲಿನಲ್ಲಿ ಬರೆದಿತ್ತಂತೆ:
ಹೊಲಿಗೆಯಂತ್ರ ಒಂದು, ಹಂದಿ ಎರಡು,
ಅಖಾಡದ ಅಂಚು ಮೂರು ಮಾರು.
ಎಡಕ್ಕೆ ಎಲಾದಿಯೊನ ತುಂಡು. ಒಂದು ಹೇಸರಗತ್ತೆಯ ಸಲುವಾಗಿ
ಹನ್ನೊಂದು ವರ್ಷ ಮಾತಿಲ್ಲ.
ಆದರೂ ಅವಳ ಗಳ ಅವನ ಗಳಕ್ಕೆ ಬಿಗಿಯಲೇಬೇಕು,
ಇಲ್ಲದಿದ್ದರೆ ದುಂಡು ಕೂಡುವುದಿಲ್ಲ.
ಆ ಗಂಟನ್ನು ಇಬ್ಬರೂ ಮುಖ ತಿರುವಿಕೊಂಡೇ ಎಳೆಯುತ್ತಾರೆ.
ಬ್ರಹ್ಮಗಂಟೂ ಅಷ್ಟು ಬಿಗಿಯಿರಲಾರದು.

ಇಲ್ಲಿ ಅರೇನಾ ಎಂದರೆ ಬರೀ ಮರಳು.
ಗಾರೆಯವನು ಎರಡು ಬುಟ್ಟಿ ಕೇಳುವುದು ಅದನ್ನೇ,
ಮಕ್ಕಳು ಚಪ್ಪಲಿಯಿಂದ ಕೊಡವುವುದೂ ಅದನ್ನೇ.
ಕುಣಿತವೋ ಕೊಲೆಯೋ, ಕೆಳಗೆ ಹೀರಿಕೊಳ್ಳಲು ಏನೋ ಬೇಕಲ್ಲ,
ಹೆಸರು ಅದಕ್ಕೇ ನಿಂತಿತು.
ನಮ್ಮಲ್ಲಿ ಕಣ ಎಂದರೆ ತೆನೆ ಬಡಿಯುವ ನೆಲ,
ಕಾದಾಡುವ ನೆಲ, ಮತ್ತೆ
ಕಣ್ಣಿಗೆ ಬಿದ್ದು ನೀರು ತರಿಸುವ ಒಂದು ಚೂರು.
ಇದನ್ನು ಅವಳಿಗೆ ಹೇಳಹೋದೆ, ಹರುಕು ಸ್ಪ್ಯಾನಿಷಿನಲ್ಲಿ.
"ಹುರಿ ಹಿಡಿ" ಅಂದಳು.

ಹಬ್ಬದ ದಿನಗಳಲ್ಲಿ ಗೂಳಿ, ಕುದುರೆ, ತುತ್ತೂರಿ.
ನಡುವೆ ಒಂದು ಮಂಗಳವಾರ ಮುಖವಾಡದ ಜಟ್ಟಿಗಳು.
ಭಾಷಣಕ್ಕೆ ಬಂದ ಮೇಯರನನ್ನು
ಗೂಳಿ ಬರುವ ಬಾಗಿಲಿನಿಂದಲೇ ಒಳಗೆ ಬಿಟ್ಟರು.
ಆಮೇಲೆ ಶಾಲೆಯ ಒಬ್ಬ ಹುಡುಗಿ, ಬಿಳಿ ಕಾಲುಚೀಲ,
ಪದ್ಯದ ಮೂರನೆಯ ಸಾಲಿಗೆ ಮಾತು ಮರೆತಳು.
ರಂಗಮಂದಿರವಾಗಿದ್ದರೆ ಪಕ್ಕಕ್ಕೊಂದು ಪರದೆ ಇರುತ್ತಿತ್ತು.
ಇಲ್ಲಿ ಬೆನ್ನು ತಿರುಗಿಸಿದರೂ ಯಾರದೋ ಎದುರಿಗೇ.
ಅವಳು ತಿರುಗಿದಳು, ಇನ್ನೂ ತಿರುಗಿದಳು,
ಐದು ಸಾವಿರ ಜನರ ಉಸಿರಿಗೆ ಹಲಗೆಗಳು ಕಿರುಗುಟ್ಟಿದವು.
ಕೊನೆಗೆ ಕುಕ್ಕರಿಸಿ ಕೂತು
ಮರಳಲ್ಲಿ ಬೆರಳಿನಿಂದ ಏನೋ ಗೀಚತೊಡಗಿದಳು.
ಚಪ್ಪಾಳೆ ಬಿತ್ತು. ಯಾಕೆಂದು
ಹೊಡೆದವರನ್ನು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ಗಂಟುಗಳು ಬಿಚ್ಚಿದವು,
ಆ ಒಂದು ಎಲ್ಲಕ್ಕಿಂತ ಕೊನೆಗೆ.
ಎಲಾದಿಯೊ ಕೆಮ್ಮಿದ. ಅವಳು ಹುರಿ ಸುತ್ತಿ
ಹೆಗಲಿಗೇರಿಸಿ ಲಾರಿಯತ್ತ ನಡೆದಳು.
ಬಯಲಿನಲ್ಲಿ ಮರಳಿನ ದುಂಡು ಹಾಗೇ ಇದೆ.
ಒಂದು ನಾಯಿ ನಟ್ಟನಡುವೆ ಬಂದು ನಿಂತು,
ಸುತ್ತಲೂ ನೋಡಿ,
ಮೂರು ಸುತ್ತು ಸುತ್ತಿ ಮಲಗಿತು.