ಪುಕ್ಕಟೆ ಗುಳ್ಳೆ

ನಾನೂರು ಬಕೆಟ್ ಡಿಸ್ಟೆಂಪರ್ ಮಾರಿ
ಪೇಂಟ್ ಕಂಪನಿಯ ಸ್ಕೀಮಿನಲ್ಲಿ
ಹೆಂಡತಿ ಸಮೇತ ಹಡಗು ಹತ್ತಿ ಬಂದರು
ಕಾಮಾಕ್ಷಿಪಾಳ್ಯದ ಹಾರ್ಡ್‌ವೇರ್ ತಿಮ್ಮರಾಯಪ್ಪ.

ತಂದದ್ದು ಒಂದೇ ಬಾಟಲಿ.
ರೂಮಿನಲ್ಲಿ ಹೂವಿನ ಪಕ್ಕ ಇಟ್ಟಿದ್ದರಂತೆ.
"ದುಡ್ಡಿಲ್ಲ ಕಣ್ರೋ, ಎರಡು ಸಲ ವಿಚಾರಿಸಿದೆ."

ಭಾನುವಾರ ಶಟರ್ ಅರ್ಧ ಇಳಿಸಿ
ನಮ್ಮನ್ನೆಲ್ಲ ಸಿಮೆಂಟ್ ಮೂಟೆ ಮೇಲೆ ಕೂರಿಸಿ
ತಂತಿ ಬಿಚ್ಚಿದರು.
(ಆ ಅಂಗಡಿಯಲ್ಲಿ ಕಟಿಂಗ್ ಪ್ಲೇಯರಿಗೇನು ಬರ!)
ಢಬ್ ಎಂದು ಹಾರಿದ ಬಿರಡೆ
ಟ್ಯೂಬ್‌ಲೈಟಿಗೆ ಬಡಿದು
ಎರಡಿಂಚು ಮೊಳೆಯ ಡಬ್ಬಿಗೆ ಬಿತ್ತು.

ಸ್ಟೀಲ್ ಲೋಟದ ತುಂಬ ನೊರೆ.
ಮೊದಲು ಕುಡಿದವನು ಟಿಂಟಿಂಗ್ ಮಿಷನ್ನಿನ ಜಬಿ:
"ಅಣ್ಣಾ, ಇದು ಗೋಲಿ ಸೋಡಾನೇ,
ಗೋಲಿ ಮಾತ್ರ ಅವರೇ ಇಟ್ಕೊಂಡಿದಾರೆ."
ದೊಡ್ಡಬಳ್ಳಾಪುರದ ಹುಳಿ ದ್ರಾಕ್ಷಿ ಇರಬೇಕು,
ಕಡಲು ಸುತ್ತಿ ತವರಿಗೆ ಬಂದಿದೆ ಎಂದೆ ನಾನು.
ಥಿನ್ನರ್ ವಾಸನೆ ಎಂದ ಒಬ್ಬ.
ಥಿನ್ನರಿಗೆ ಅವಮಾನ ಮಾಡಬೇಡವೋ ಎಂದ ಇನ್ನೊಬ್ಬ.

ತಿಮ್ಮರಾಯಪ್ಪ ಕಣ್ಣು ಮುಚ್ಚಿ
"ಅಲ್ಲಿ ಚೆನ್ನಾಗಿತ್ತು" ಅಂದರು.
"ಅಲ್ಲೂ ಹಿಂಗೇ ಇತ್ತು," ಗಂಗರತ್ನಮ್ಮ ಅಂದರು,
"ಹಡಗು ಅಲ್ಲಾಡ್ತಿತ್ತು, ನಾಲಗೆಗೆ ಗೊತ್ತಾಗಲಿಲ್ಲ."
ಅಂದು, ತಾವೂ ಒಂದು ಗುಟುಕು ಕುಡಿದು,
ಗುಳ್ಳೆ ಮೂಗಿಗೇರಿ
ಏಳು ಸಲ ಸೀನಿದರು.
ಎಂಟನೆಯದಕ್ಕೆ ಎಲ್ಲರೂ ಕಾದು ಕೂತೆವು.

ಒಂದು ಹನಿಯನ್ನೂ ಯಾರೂ ಚೆಲ್ಲಲಿಲ್ಲ,
ಪುಕ್ಕಟೆ ಅಲ್ಲವೇ.
ಲೋಟ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು,
ಮೂಟೆಗಳು ಮೆಲ್ಲಗೆ ತೂಗತೊಡಗಿದವು.
ಹೊರಗೆ ಮಾಗಡಿ ರಸ್ತೆಯಲ್ಲಿ
ಯಾವುದೋ ಬಸ್ಸು ಉದ್ದಕ್ಕೆ ಹಾರನ್ ಹೊಡೆದಾಗ
ತಿಮ್ಮರಾಯಪ್ಪ ಎದ್ದು ನಿಂತು
ದಡದ ಕಡೆಗೆ ಕೈ ಬೀಸಿದರು.