ಮಿನಿಮಮ್

ರಕ್ತ ತೆಗೆಯುವುದು ನನ್ನ ಕೆಲಸ,
ದಾದರಿನ ಲ್ಯಾಬಿನಲ್ಲಿ, ಬೆಳಿಗ್ಗೆ ಏಳರಿಂದ.
ನರ ಹುಡುಕಿ, ಐದೇ ಎಂ.ಎಲ್. ತೆಗೆದು,
ಹತ್ತಿ ಒತ್ತಿ ಹೇಳುತ್ತೇನೆ:
ಬಿಡಬೇಡಿ, ಎರಡು ನಿಮಿಷ ಹೀಗೇ ಹಿಡಿದುಕೊಳ್ಳಿ.

ಕಾರ್ಡು ಕೊಟ್ಟ ಹುಡುಗ ಹತ್ತಿ ಕೊಟ್ಟಿರಲಿಲ್ಲ.
ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಕೆಳಗೆ
ಛತ್ರಿ ನೆಟ್ಟು ಕೂತಿದ್ದ.
ಒಂದು ಸಹಿಗೆ ಒಂದು ನೀರಿನ ಬಾಟಲಿ ಬಿಟ್ಟಿ.
ಬಾಟಲಿ ಇನ್ನೂ ಸೋರುವುದಿಲ್ಲ, ಅದನ್ನೂ ಹೇಳಬೇಕು.

ಮೊದಲು ಮಗಳ ಶಾಲೆಯ ಫೀಜು.
ಆಮೇಲೆ ಇವರ ದವಡೆ ಹಲ್ಲು.
ಆಮೇಲೆ ವಾಷಿಂಗ್ ಮಷೀನು. ಅದಕ್ಕೆ ಯಾರನ್ನೂ ದೂರಲಾರೆ,
ನನಗೇ ಬೇಕಿತ್ತು.
ಆಮೇಲೆ ಬೇಳೆ, ಎಣ್ಣೆ, ಗ್ಯಾಸು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದಳು ಅವ್ವ.
ನಮ್ಮ ಖೋಲಿಯಲ್ಲಿ ಹಾಸಿಗೆ ಬಿಚ್ಚಬೇಕಾದರೆ
ಮೊದಲು ಸ್ಟೂಲು ಹೊರಗಿಡಬೇಕು, ಅವ್ವಾ.

ಸಂಬಳ ಹತ್ತೊಂಬತ್ತೂವರೆ ಸಾವಿರ.
ಬಾಕಿ ಎಂಬತ್ತಾರು ಸಾವಿರದ ನಾನೂರು.
ಬಿಲ್ಲಿನ ಮೂಲೆಯಲ್ಲಿ ದಪ್ಪ ಅಕ್ಷರ,
ಸಮಾಧಾನ ಹೇಳುವವರ ಹಾಗೆ:
ಮಿನಿಮಮ್, ನಾಲ್ಕು ಸಾವಿರದ ಮುನ್ನೂರಿಪ್ಪತ್ತು.
ಕಟ್ಟುತ್ತಿದ್ದೆ, ಕಟ್ಟಿ ನಿದ್ದೆ ಮಾಡುತ್ತಿದ್ದೆ.
ಎರಡು ತಿಂಗಳು ತಪ್ಪಿತು.

ಫೋನು ಶುರುವಾಯಿತು,
ಹಿಂದಿಯಲ್ಲಿ, ಮರಾಠಿಯಲ್ಲಿ, ಒಮ್ಮೆ ಬರೀ ಉಸಿರಿನಲ್ಲಿ.
ಲೇಡೀಸ್ ಡಬ್ಬಿಯಲ್ಲಿ ಪರ್ಸು ನಡುಗಿದರೆ
ನಾಲ್ವರು ನನ್ನ ಕಡೆ, ನಾನು ಕಿಟಕಿಯ ಕಡೆ.

ಒಂದು ಸಂಜೆ, ಠಾಣೆ ಬಿಟ್ಟ ಮೇಲೆ:
'ಕಸ್ತೂರಿ ಹಂದಿಗನೂರ ಅವರೇನ್ರಿ?'
ಈ ಊರಿಗೆ ಬಂದು ಹದಿನಾಲ್ಕು ವರ್ಷ,
ನನ್ನ ಅಡ್ಡಹೆಸರನ್ನು ಮುರಿಯದೆ ಹೇಳಿದವನು
ಸಾಲ ವಸೂಲಿಯವನು.
ಅವನ ಹಿಂದೆ ಯಾರದೋ ಕೆಮ್ಮು, ನೂರು ದನಿಗಳ ಗುಂಯ್.
ಯಾವೂರಪ್ಪಾ ಎಂದೆ.
ತಡೆದು, 'ಸಿಂದಗಿ ಕಡೆ' ಎಂದ.
ಆಮೇಲೆ ಇನ್ನೂ ಮೆಲ್ಲಗೆ,
'ಅಕ್ಕಾ, ಬರೇ ಮಿನಿಮಮ್ ಕಟ್ಟಬ್ಯಾಡ್ರಿ, ಅದು...'

ಪಾರಸಿಕ್ ಸುರಂಗ.
ಆಗ ಫಾಸ್ಟ್ ಗಾಡಿ ಅದರೊಳಗೇ ನುಗ್ಗುತ್ತಿತ್ತು.
ಕಿವಿ ತುಂಬ ಕಬ್ಬಿಣ.
ಹೊರಬಿದ್ದಾಗ ಕೈಯಲ್ಲಿ ಬರೀ ಫೋನು.

ಅದು ಏನು?
ರಾತ್ರಿ, ಯಾರದೋ ಥೈರಾಯ್ಡ್ ರಿಪೋರ್ಟಿನ ಬೆನ್ನ ಮೇಲೆ
ಅವನ ವಾಕ್ಯವನ್ನು ನಾನೇ ಮುಗಿಸಿದೆ.
ಬಡ್ಡಿ, ಮೂರು ಸಾವಿರದ ನೂರಾ ಹತ್ತು.
ಬಡ್ಡಿಯ ಮೇಲೆ ತೆರಿಗೆ, ಐನೂರಾ ಅರವತ್ತು.
ಅಸಲಿಗೆ ಸಂದದ್ದು ಆರುನೂರಾ ಐವತ್ತು.
ಹೀಗೇ ಹೋದರೆ ಹನ್ನೊಂದು ವರ್ಷ.
ಒಂಬತ್ತರ ಮಗಳು ಕಾಲು ಮಡಚಿ ಮಲಗಿದ್ದಳು.
ಬಡ್ಡಿಮಗನೇ, ಎಂದೆ.
ಊರಲ್ಲಿ ಗಂಡಸರ ಬಾಯಲ್ಲಿ ಕೇಳಿದ್ದ ಬೈಗುಳ,
ನನ್ನ ಬಾಯಿಗೆ ಬಂದದ್ದು ಅಂದೇ ಮೊದಲು.

ಆ ವಾರ ಡಬ್ಬಿಯಲ್ಲಿ ಭಿಶಿ.
ಹನ್ನೆರಡು ಹೆಂಗಸರು, ತಲೆಗೆ ಎರಡು ಸಾವಿರ,
ಚೀಟಿ ಎದ್ದದ್ದು ಸುಲಭಾ ಪರಬಳ ಹೆಸರಿಗೆ.
ನಾನು ಬಾಯಿಬಿಟ್ಟೆ.
ಘಾಟಕೋಪರಿನಿಂದ ಮುಲುಂಡಿನ ತನಕ
ಅವಳು ಮೆಂತೆ ಬಿಡಿಸುತ್ತಲೇ ಇದ್ದಳು.
ಕಡ್ಡಿಗಳನ್ನು ಚೀಲಕ್ಕೆ ಗಂಟುಕಟ್ಟಿ,
ನನ್ನ ಸರದಿ ನೀನು ತಗೋ ಎಂದಳು.
ಬಡ್ಡಿ ಇಲ್ಲ.
ಹೊಸ ಕುಪ್ಪಸ ಹೊಲಿಸಿದರೆ ಮಾತ್ರ
ಹನ್ನೊಂದು ಜೋಡಿ ಕಣ್ಣು.

ಉಳಿದದ್ದಕ್ಕೆ ಪತಪೇಢಿ, ಶೇಕಡಾ ಹದಿನಾಲ್ಕು.
ತಿಂಗಳಿಗಾ? ಎಂದೆ.
ವರ್ಷಕ್ಕೆ, ಎಂದ ಗುಮಾಸ್ತ.
ಇನ್ನೊಮ್ಮೆ ಕೇಳಿದೆ, ಆ ಒಂದು ಪದ ಕೇಳುವುದಕ್ಕೆ.
ಮಷೀನು ಮಾರಿದೆ. ಬೆರಳಿಗೆ ಸೋಡಾ ಹುಣ್ಣು,
ಕೈಗವಸಿನೊಳಗೆ ಯಾರಿಗೂ ಕಾಣಲಿಲ್ಲ.
ಎರಡು ವರ್ಷ ಎಂಟು ತಿಂಗಳು.
ಮುಗಿದದ್ದು ಒಂದು ಮಂಗಳವಾರ;
ಹೇಳಲು ಯಾರೂ ಫೋನು ಮಾಡಲಿಲ್ಲ.

ಈಗ ಹಳಿ ಬದಲಾಗಿದೆ.
ನನ್ನ ಗಾಡಿ ಸುರಂಗ ಬಿಟ್ಟು ಮುಂಬ್ರಾ ಗುಡ್ಡ ಬಳಸಿ
ಖಾಡಿಯ ಬೆಳಕಿನಲ್ಲಿ ಹೋಗುತ್ತದೆ, ಮಾತು ಎಲ್ಲೂ ಕಡಿಯುವುದಿಲ್ಲ.
ಆ ತಿರುವಿನಲ್ಲಿ ಒಮ್ಮೊಮ್ಮೆ
ಸುಮ್ಮನೆ ಫೋನು ಕಿವಿಗೆ ಹಿಡಿಯುತ್ತೇನೆ.
ಸಿಂದಗಿಯ ತಮ್ಮಾ, ಆ ಕುರ್ಚಿಯಲ್ಲೇ ಇದ್ದೀಯಾ?
ನಿನಗೂ ಒಂದು ಕಾರ್ಡು ಕೊಟ್ಟಿದ್ದರಾ?